ಅಮ್ಮನ ಗ್ರಾಫ್

ನಮ್ಮ ಲ್ಯಾಪ್‌ಟಾಪಿನಲ್ಲಿ 'ಅಮ್ಮ ವೇಟ್ ಫೈನಲ್' ಅಂತ ಒಂದು ಎಕ್ಸೆಲ್ ಫೈಲ್ ಇದೆ. ಫೈನಲ್ ಅಂತ ಹೆಸರಿಟ್ಟ ಯಾವ ಫೈಲೂ ಫೈನಲ್ ಆಗಿರಲ್ಲ ಅನ್ನೋದು ಪ್ರಾಜೆಕ್ಟ್ ರಿಪೋರ್ಟ್ ಬರೆದ ಎಲ್ಲರಿಗೂ ಗೊತ್ತಿರುತ್ತೆ. ಅದರಲ್ಲಿ ಇರೋದು ಎರಡೇ ಕಾಲಮ್: ತಾರೀಖು, ಕೆಜಿ. ಮೊದಲ ಸಾಲಿನಲ್ಲಿ 104. ಕೊನೆಯ ಸಾಲಿನಲ್ಲಿ 48. ನಡುವೆ ಹದಿನೈದು ತಿಂಗಳು. ಆ ಫೈಲ್ ನೋಡಿ ನಾವು ತುಂಬಾ ದಿನ ಹೆಮ್ಮೆಪಟ್ಟಿದ್ದೀವಿ. ಈಗ ತೆರೆಯೋಕೆ ಮನಸ್ಸು ಬರಲ್ಲ. ಡಿಲೀಟ್ ಮಾಡೋಕೂ ಆಗಲ್ಲ.

ನಾವು ಅಂದ್ರೆ ಅವಳಿಗಳು. ಒಬ್ಬಳು ಇ ಅಂಡ್ ಸಿ, ಒಬ್ಬ ಮೆಕ್ಯಾನಿಕಲ್. ಇದೇ ಕ್ಯಾಂಪಸ್, ಬೇರೆ ಬೇರೆ ಹಾಸ್ಟೆಲ್. ಊರು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅಮ್ಮ ಟೈಲರ್. ಮನೆಯ ಮುಂದಿನ ರೂಮಿನಲ್ಲೇ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ನಮ್ಮ ಪಿಯುಸಿ ಟ್ಯೂಷನ್ ಫೀಸು, ಸಿಇಟಿ ಕೋಚಿಂಗು, ಈ ಲ್ಯಾಪ್‌ಟಾಪು, ಎಲ್ಲಾ ಆ ಪೆಡಲ್ ತುಳಿದು ಬಂದಿದ್ದು.

ಅಮ್ಮ ದಪ್ಪ ಇದ್ದಳು. ನಮಗೆ ನೆನಪಿರುವ ಕಾಲದಿಂದಲೂ ಹಾಗೇ. ಎತ್ತರ 154 ಸೆಂಟಿಮೀಟರ್, ತೂಕ 104 ಕೆಜಿ. ಬಿಎಂಐ ಲೆಕ್ಕ ಹಾಕಿದರೆ ಸುಮಾರು 43.9. ಸಕ್ಕರೆ ಕಾಯಿಲೆಗೆ ಇನ್ಸುಲಿನ್, ಜೊತೆಗೆ ಬಿಪಿ, ರಾತ್ರಿ ಮಲಗಿದರೆ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರೋದು. ಬಸ್ಸಿನಲ್ಲಿ ಮೂರು ಜನರ ಸೀಟಿನ ಅಂಚಿಗೆ ಕೂತರೆ ಪಕ್ಕದವರು ಬಿಡುವ ನಿಟ್ಟುಸಿರು ಅಮ್ಮನಿಗೆ ಬಾಯಿಪಾಠ ಆಗಿತ್ತು. ಮದುವೆ ಮನೆಯಲ್ಲಿ ಫೋಟೋಗೆ ಕರೆದರೆ ಅಡುಗೆ ಮನೆ ಕಡೆ ಹೋಗಿಬಿಡೋಳು.

ಒಂದು ವಿಷಯ ಒಪ್ಪಿಕೊಳ್ಳಬೇಕು. ಎಂಟನೇ ಕ್ಲಾಸಿನಲ್ಲಿದ್ದಾಗ ಸ್ಕೂಲ್ ಡೇಗೆ ಅಪ್ಪ ಮಾತ್ರ ಬಂದರೆ ಸಾಕು ಅಂತ ನಮ್ಮಲ್ಲೊಬ್ಬರು ಅಮ್ಮನಿಗೆ ಹೇಳಿದ್ವಿ. ಯಾರು ಅಂತ ಬರೆಯಲ್ಲ. ಹೇಳಿದ್ದು ಒಬ್ಬರು, ಪಕ್ಕದಲ್ಲಿ ಸುಮ್ಮನೆ ನಿಂತಿದ್ದು ಇನ್ನೊಬ್ಬರು. ಅಮ್ಮ "ಹೂಂ, ನನಗೂ ಅವತ್ತು ಆರ್ಡರ್ ಇದೆ" ಅಂದಿದ್ದಳು. ಆರ್ಡರ್ ಇರಲಿಲ್ಲ. ಈ ಲೇಖನ 'ನಾನು' ಅಂತ ಇಲ್ಲದೆ 'ನಾವು' ಅಂತ ಇರೋದಕ್ಕೆ ಅದೂ ಒಂದು ಕಾರಣ.

ನಮ್ಮ ಮೊದಲ ವರ್ಷದ ಪರೀಕ್ಷೆ ಮುಗಿದ ರಜೆಯಲ್ಲಿ ಆಪರೇಷನ್ ಆಯಿತು. ಬೆಂಗಳೂರಿನ ಆಸ್ಪತ್ರೆ. ಒಂದಷ್ಟು ಅಮ್ಮನ ಚೀಟಿ ದುಡ್ಡು, ಒಂದಷ್ಟು ಅಪ್ಪನ ಸಾಲ. ಆಪರೇಷನ್ ಹೆಸರು ರೂ-ಆನ್-ವೈ ಗ್ಯಾಸ್ಟ್ರಿಕ್ ಬೈಪಾಸ್. ಕೇಳೋಕೆ ಫ್ಲೈಓವರ್ ಹೆಸರಿನ ಹಾಗಿದೆ. ನಿಜವಾಗಿ ಮಾಡೋದೂ ಅಂಥದ್ದೇ. ಹೊಟ್ಟೆಯ ಮೇಲ್ಭಾಗದಲ್ಲಿ ಸುಮಾರು 30 ಎಂಎಲ್‌ನಷ್ಟು, ಅಂದರೆ ಎರಡು ದೊಡ್ಡ ಚಮಚ ಹಿಡಿಯುವಷ್ಟು ಚೀಲ ಮಾತ್ರ ಬೇರೆ ಮಾಡುತ್ತಾರೆ. ಉಳಿದ ಹೊಟ್ಟೆಯನ್ನು ತೆಗೆಯಲ್ಲ, ಅದು ಒಳಗೇ ಇರುತ್ತೆ, ಆದರೆ ಊಟ ಅಲ್ಲಿಗೆ ಹೋಗಲ್ಲ. ಸಣ್ಣ ಕರುಳನ್ನು ಕತ್ತರಿಸಿ ಒಂದು ತುದಿಯನ್ನು ಈ ಪುಟ್ಟ ಚೀಲಕ್ಕೆ ಜೋಡಿಸಿ, ಜೀರ್ಣರಸ ಬರುವ ಇನ್ನೊಂದು ತುದಿಯನ್ನು ಕೆಳಗೆ ಸೇರಿಸುತ್ತಾರೆ. ನೋಡೋಕೆ ಇಂಗ್ಲಿಷಿನ ವೈ ಅಕ್ಷರ. ರೂ ಅನ್ನೋದು ಕರುಳನ್ನು ಹೀಗೆ ಜೋಡಿಸುವ ವಿಧಾನಕ್ಕೆ ಹೆಸರು ಕೊಟ್ಟ ಸ್ವಿಸ್ ಸರ್ಜನ್ ಸೀಸರ್ ರೂ. ಹೊಟ್ಟೆ ಹುಣ್ಣಿಗೆ ಅಂತ ಹೊಟ್ಟೆಯ ಭಾಗ ತೆಗೆಸಿಕೊಂಡವರು ಆಮೇಲೆ ತೆಳ್ಳಗೇ ಉಳಿಯೋದನ್ನು ಗಮನಿಸಿ, 1960ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಅನ್ನೋ ಸರ್ಜನ್ ತೂಕ ಇಳಿಸೋಕೆ ಬೈಪಾಸ್ ಶುರು ಮಾಡಿದರು. ಇದನ್ನೆಲ್ಲ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಓದಿ ಅಪ್ಪನಿಗೆ ವಿವರಿಸಿದ್ದೇ ವಿವರಿಸಿದ್ದು. ಅಪ್ಪ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಅವಳಿಗೆ ಹಸಿವಾಗುತ್ತೇನ್ರೋ ಇನ್ಮೇಲೆ?"

ಮೊದಮೊದಲು ಆಗಲ್ಲ ಅಂತ ಡಾಕ್ಟರ್ ಹೇಳಿದ್ದರು. ಚೀಲ ಚಿಕ್ಕದಾಗಿದ್ದು ಒಂದು ಕಾರಣ ಅಷ್ಟೇ. ಊಟ ಬೇಗನೆ ಕೆಳಗಿನ ಕರುಳಿಗೆ ತಲುಪೋದರಿಂದ ಜಿಎಲ್‌ಪಿ-1ನಂಥ ಹಾರ್ಮೋನುಗಳು ಜಾಸ್ತಿಯಾಗಿ, ಹೊಟ್ಟೆ ತುಂಬಿತು ಅಂತ ಮೆದುಳಿಗೆ ಬೇಗ ಸುದ್ದಿ ಹೋಗುತ್ತೆ. ಸಕ್ಕರೆ ಹತೋಟಿಗೆ ಬರೋದೂ ಅದರಿಂದಲೇ, ತೂಕ ಇಳಿಯೋ ಮೊದಲೇ. ಅಮ್ಮನಿಗೆ ಎರಡನೇ ವಾರಕ್ಕೇ ಇನ್ಸುಲಿನ್ ನಿಲ್ಲಿಸಿದರು. ಗೊರಕೆ ಕಮ್ಮಿಯಾಯಿತು. ಇಷ್ಟು ವರ್ಷ ಆದಮೇಲೆ ಮೊದಲ ಸಲ ಅಮ್ಮ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಬಟ್ಟೆ ಕಟಿಂಗ್ ಮಾಡಿದಳು. ಈ ಆಪರೇಷನ್ ಕೆಟ್ಟದ್ದು ಅಂತ ಹೇಳೋಕೆ ನಾವು ಇದನ್ನು ಬರೀತಿಲ್ಲ. ಅದು ಅಮ್ಮನಿಗೆ ಕೊಟ್ಟಿದ್ದನ್ನು ಕಣ್ಣಾರೆ ನೋಡಿದ್ದೀವಿ.

ಒಂದೂವರೆ ವರ್ಷದಲ್ಲಿ ಸುಮಾರು ಮೂರನೇ ಒಂದು ಭಾಗ ತೂಕ ಇಳಿಯಬಹುದು, 70ರಿಂದ 75 ಕೆಜಿಗೆ ಬಂದು ನಿಲ್ಲಬಹುದು ಅಂತ ಡಾಕ್ಟರ್ ಅಂದಾಜು ಹೇಳಿದ್ದರು. ನಾವು ಎಕ್ಸೆಲ್ ತೆರೆದು 70ರ ಹತ್ತಿರ ಒಂದು ಕೆಂಪು ಗೆರೆ ಎಳೆದ್ವಿ. ಪ್ರತಿ ಭಾನುವಾರ ಅಮ್ಮ ತೂಕ ಹೇಳೋದು, ನಾವು ತುಂಬಿಸೋದು, ಗ್ರಾಫಿನ ಸ್ಕ್ರೀನ್‌ಶಾಟನ್ನು ಫ್ಯಾಮಿಲಿ ಗ್ರೂಪಿಗೆ ಹಾಕೋದು. ಮೂರನೇ ತಿಂಗಳಿಗೆ 87. ಆರಕ್ಕೆ 77. ಒಂಬತ್ತನೇ ತಿಂಗಳು ಯುಗಾದಿಗೆ 71. ಚಿಕ್ಕಮ್ಮ "ಅಕ್ಕಾ, ಹುಡುಗಿ ಆಗ್ಬಿಟ್ಟೆ ಕಣೇ" ಅಂತ ಮೆಸೇಜ್ ಹಾಕಿದರು. ಆ ಯುಗಾದಿಗೆ ಅಮ್ಮ ಒಬ್ಬಟ್ಟಿನ ಒಂದು ತುಂಡು ತಿಂದು, ಕಾಲು ಗಂಟೆಯಲ್ಲಿ ಬೆವರಿ, ಎದೆ ಹೊಡೆದುಕೊಂಡು ಮಲಗಿಬಿಟ್ಟಳು. ಸಿಹಿ ಒಮ್ಮೆಲೇ ಕರುಳಿಗೆ ಇಳಿದರೆ ಹಾಗಾಗುತ್ತೆ, ಅದಕ್ಕೆ ಡಂಪಿಂಗ್ ಅಂತಾರೆ ಅಂತ ನಮಗೆ ಗೊತ್ತಿತ್ತು. ಗೊತ್ತಿದ್ದಿದ್ದರಿಂದ ಗಾಬರಿ ಆಗಲಿಲ್ಲ. ನಮಗೆ ಎಲ್ಲ ಗೊತ್ತು ಅನ್ನೋ ಧೈರ್ಯ ಬಂದಿದ್ದೂ ಅಲ್ಲಿಂದಲೇ.

ಗ್ರಾಫ್ ಅಲ್ಲಿ ಚಪ್ಪಟೆ ಆಗಬೇಕಿತ್ತು. ಆಗಲಿಲ್ಲ.

ವರ್ಷ ತುಂಬಿದಾಗ 62. ನಮ್ಮಲ್ಲೊಬ್ಬಳು ಆಗತಾನೇ ಕಂಟ್ರೋಲ್ ಸಿಸ್ಟಮ್ಸ್ ಮುಗಿಸಿದ್ದಳು. "ಇದು ಓವರ್‌ಶೂಟ್ ಕಣೋ. ಸೆಟ್ ಪಾಯಿಂಟ್ ದಾಟಿ ಹೋಗುತ್ತೆ, ಆಮೇಲೆ ತಾನೇ ಸೆಟ್ಲ್ ಆಗುತ್ತೆ" ಅಂದಳು. ಇನ್ನೊಬ್ಬ ನಕ್ಕ. ಆ ಜೋಕನ್ನೂ ಗ್ರೂಪಿಗೆ ಹಾಕಿದ್ವಿ. ಹದಿನಾಲ್ಕನೇ ತಿಂಗಳಿಗೆ 53. ಬಿಎಂಐ ಕ್ಯಾಲ್ಕುಲೇಟರಿಗೆ ಹಾಕಿ ನೋಡಿದರೆ ಹಸಿರು ಬಣ್ಣ, 'ನಾರ್ಮಲ್'. ನಮ್ಮನ್ನು ಮೋಸ ಮಾಡಿದ್ದು ಆ ಹಸಿರೇ. 104 ಇದ್ದಾಗ ಕೆಂಪು ತೋರಿಸಿ ಹೆದರಿಸಿದ ಯಂತ್ರ, ಅಮ್ಮ ತಿಂಗಳಿಗೆ ನಾಲ್ಕು, ಐದು ಕೆಜಿ ಕಳೆದುಕೊಳ್ಳುತ್ತಿದ್ದಾಗ ಏನೂ ಅನ್ನಲಿಲ್ಲ. ಅದಕ್ಕೆ ಗೊತ್ತಿರೋದು ಎತ್ತರ ಮತ್ತು ತೂಕ. ತೂಕ ಯಾಕೆ ಇಳೀತಿದೆ ಅಂತ ಅದು ಕೇಳಲ್ಲ. ನಾವೂ ಕೇಳಲಿಲ್ಲ.

ಅಪ್ಪ ಮಂಡಿ ಭಾಷೆಯಲ್ಲಿ ರೇಗಿಸುತ್ತಿದ್ದರು: "ನೀನು ಉಂಡೆ ಕೊಬ್ಬರಿ ಇದ್ದಂಗೆ ಕಣೇ. ಒಣಗಿದಷ್ಟೂ ರೇಟು." ಅಮ್ಮನೂ ನಗೋಳು. ಅಜ್ಜಿ ಒಬ್ಬರೇ ನಗಲಿಲ್ಲ. "ಕಣ್ಣು ಗುಳಿ ಬಿದ್ದಿದೆ. ಬಸುರಿ ಹೆಂಗಸಿನ ಥರ ಓಕರಿಸ್ತಾಳೆ. ನಿಮಗೆ ಕಾಣಲ್ವೇನ್ರೋ?" ಅಂತ ಫೋನಿನಲ್ಲಿ ಬೈದರು. ಅಜ್ಜಿ ಕಾಲದವರಿಗೆ ಮೈ ಕೈ ತುಂಬಿಕೊಂಡಿದ್ದರೇನೇ ಆರೋಗ್ಯ ಅಂತ ನಾವು ನಮ್ಮಲ್ಲೇ ಮಾತಾಡಿಕೊಂಡ್ವಿ.

ಗಣೇಶನ ಹಬ್ಬಕ್ಕೆ ಊರಿಗೆ ಹೋದ್ವಿ. ಬಾಗಿಲು ತೆಗೆದ ಅಮ್ಮನನ್ನು ನೋಡಿ ಇಬ್ಬರೂ ಒಂದು ಕ್ಷಣ ಮಾತಾಡಲಿಲ್ಲ. ವಿಡಿಯೋ ಕಾಲಿನಲ್ಲಿ ಬರೀ ಮುಖ ಕಾಣುತ್ತೆ. ಕುತ್ತಿಗೆಯ ಮೂಳೆ, ಮೊಣಕೈ ಕಾಣಲ್ಲ. ತಲೆಕೂದಲು ಅರ್ಧಕ್ಕೆ ಬಂದಿತ್ತು. ಮೈಯೆಲ್ಲ ಒಣಗಿದ್ದರೂ ಪಾದ ಮಾತ್ರ ಊದಿತ್ತು. ಆವತ್ತು ತಕ್ಕಡಿ ತೋರಿಸಿದ್ದು 48.

ಸಂಜೆ ಅಮ್ಮ ಮೆಷಿನ್ ಮುಂದೆ ಕೂತಿದ್ದಳು. ಹಬ್ಬದ ಆರ್ಡರ್ ಬಾಕಿ ಇತ್ತು. ಸೂಜಿಗೆ ದಾರ ಪೋಣಿಸೋಕೆ ನೋಡುತ್ತಾಳೆ, ತಪ್ಪುತ್ತೆ. ಮತ್ತೆ ನೋಡುತ್ತಾಳೆ, ಮತ್ತೆ ತಪ್ಪುತ್ತೆ. ಇಪ್ಪತ್ತು ವರ್ಷದಿಂದ ಕರೆಂಟ್ ಹೋದಾಗಲೂ ದಾರ ಪೋಣಿಸಿದವಳು. "ಕನ್ನಡಕ ಬದಲಿಸ್ಬೇಕು ಕಣೇ. ಎರಡೆರಡು ಸೂಜಿ ಕಾಣ್ತಿದೆ" ಅಂದಳು. ಆಮೇಲೆ ಮೆಲ್ಲಗೆ, ತಮಾಷೆ ಅನ್ನೋ ಹಾಗೆ: "ಪೆಡಲ್ ಮೇಲೆ ಕಾಲಿಟ್ಟಿದೀನೋ ಇಲ್ವೋ ಅಂತಾನೂ ಗೊತ್ತಾಗಲ್ಲ ಈಗೀಗ. ಜೋಮು." ಎದ್ದು ಅಡುಗೆ ಮನೆಗೆ ಹೋಗುವಾಗ ಗೋಡೆ ಹಿಡಿದುಕೊಂಡಳು. ನಲ್ಲಿ ಬಿಟ್ಟ ಸದ್ದು ಬಂತು. ನಲ್ಲಿಯ ಸದ್ದಿನ ಹಿಂದೆ ವಾಂತಿಯ ಸದ್ದು.

ಅಪ್ಪ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಸುಸ್ತಿಗೆ ಗ್ಲೂಕೋಸ್ ಹಾಕೋಣ ಅಂತ ಬಾಟಲಿ ತೆಗೆದಿಟ್ಟರು. ಅಷ್ಟರಲ್ಲಿ ನಮ್ಮಲ್ಲೊಬ್ಬ ಬೆಂಗಳೂರಿನ ಆಸ್ಪತ್ರೆಗೆ ಫೋನ್ ಹಚ್ಚಿದ್ದ. ಆ ಕಡೆಯ ಡ್ಯೂಟಿ ಡಾಕ್ಟರ್ ಎರಡೇ ಪ್ರಶ್ನೆ ಕೇಳಿದರು. ವಾಂತಿ ಎಷ್ಟು ದಿನದಿಂದ? ಎರಡೆರಡು ಕಾಣ್ತಿದೆಯಾ? ಆಮೇಲೆ ಅವರ ದನಿ ಬದಲಾಯಿತು. "ಬರೀ ಗ್ಲೂಕೋಸ್ ಹಾಕಿಸ್ಬೇಡಿ. ಮೊದಲು ಥಯಮಿನ್ ಇಂಜೆಕ್ಷನ್. ಫೋನ್ ಅಲ್ಲಿನ ಡಾಕ್ಟರ್‌ಗೆ ಕೊಡಿ. ಇವತ್ತು ರಾತ್ರಿನೇ ಹೊರಟು ಬನ್ನಿ."

ಥಯಮಿನ್ ಅಂದ್ರೆ ಬಿ1 ವಿಟಮಿನ್. ದೇಹದಲ್ಲಿ ಅದರ ದಾಸ್ತಾನು ಇರೋದೇ ಕೆಲವು ವಾರಗಳಿಗೆ ಆಗುವಷ್ಟು. ತಿಂದಿದ್ದು ನಿಲ್ಲದೆ ವಾಂತಿಯಾಗ್ತಾ ಇದ್ದರೆ ಬೇಗ ಖಾಲಿಯಾಗುತ್ತೆ. ಸಕ್ಕರೆಯಿಂದ ಶಕ್ತಿ ತೆಗೆಯೋಕೆ ಜೀವಕೋಶಗಳಿಗೆ ಅದು ಬೇಕೇ ಬೇಕು. ಅದಿಲ್ಲದಾಗ ಗ್ಲೂಕೋಸ್ ಏರಿಸಿದರೆ ಉಳಿದ ಚೂರುಪಾರೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ಎರಡೆರಡು ಕಾಣೋದು, ನಡಿಗೆ ತೂರಾಡೋದು ಆ ಪೆಟ್ಟಿನ ಮುನ್ಸೂಚನೆ. ಇನ್ನೂ ತಡವಾದರೆ ನೆನಪಿನ ಶಕ್ತಿಯೇ ಹೋಗಬಹುದು. ಇದನ್ನೆಲ್ಲ ನಾವು ಓದಿದ್ದು ಆಮೇಲೆ. ಆ ರಾತ್ರಿ ತುಮಕೂರು ದಾಟುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮನ ತಲೆ ನಮ್ಮ ತೊಡೆಯ ಮೇಲಿತ್ತು. ಎಷ್ಟು ಹಗುರ ಅಂದರೆ, ತೂಕವೇ ಇಲ್ಲವೇನೋ ಅನ್ನಿಸಿತು. ಹಗುರ ಅನ್ನೋ ಪದಕ್ಕೆ ಅಷ್ಟು ಹೆದರಿದ್ದು ಅದೇ ಮೊದಲು.

ಎಂಡೋಸ್ಕೋಪಿಯಲ್ಲಿ ಗೊತ್ತಾಯಿತು. ಹೊಟ್ಟೆಯ ಚೀಲಕ್ಕೂ ಕರುಳಿಗೂ ಹಾಕಿದ ಜೋಡಣೆಯಲ್ಲಿ ಹುಣ್ಣಾಗಿತ್ತು. ಹುಣ್ಣು ಮಾಯುತ್ತಾ, ಮತ್ತೆ ಆಗುತ್ತಾ, ಆ ಜಾಗ ಗಟ್ಟಿಯಾಗಿ ದಾರಿ ಕಿರಿದಾಗಿಬಿಟ್ಟಿತ್ತು. ಡಾಕ್ಟರ್ ಕೇಳಿದರು: "ನೋವಿನ ಮಾತ್ರೆ ಏನಾದ್ರೂ ತಗೋತಿದ್ರಾಮ್ಮ?" ಅಮ್ಮ ತಲೆಯಾಡಿಸಿದಳು. ಏಪ್ರಿಲ್, ಮೇ ಮದುವೆ ಸೀಸನ್. ರಾತ್ರಿ ಹನ್ನೆರಡರವರೆಗೂ ಹೊಲಿಗೆ. ಭುಜ, ಬೆನ್ನು ಹಿಡಿದುಕೊಂಡಾಗ ಮೆಡಿಕಲ್ ಸ್ಟೋರಿಂದ ದಿನಕ್ಕೆರಡು ಡೈಕ್ಲೋಫೆನಾಕ್. ಸೀಸನ್ ಮುಗಿದರೂ ಮಾತ್ರೆ ಮುಗಿಯಲಿಲ್ಲ. ಬೈಪಾಸ್ ಆದವರಿಗೆ ಆ ಜಾತಿಯ ಮಾತ್ರೆಗಳು ಆಗಿಬರಲ್ಲ. ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ. ತಿಂದರೆ ನೋವು, ಹಾಗಾಗಿ ತಿನ್ನೋದು ಕಮ್ಮಿ. ದಾರಿ ಕಿರಿದಾದ ಮೇಲೆ ತಿಂದಿದ್ದೆಲ್ಲ ವಾಂತಿ. ವಿಟಮಿನ್ ಮಾತ್ರೆ ನುಂಗಿದರೂ ವಾಪಸ್ಸು, ಹಾಗಾಗಿ ಅದನ್ನೂ ಬಿಟ್ಟಳು. ಗ್ರಾಫ್ ಮಾತ್ರ ಇಳೀತಾನೇ ಇತ್ತು, ನಾವು ಚಪ್ಪಾಳೆ ತಟ್ಟುತ್ತಾನೇ ಇದ್ವಿ.

ಡಾಕ್ಟರ್ ಡಿಸ್ಚಾರ್ಜ್ ಫೈಲ್ ಕೇಳಿದರು. ಕೊಟ್ಟ್ವಿ. ಎರಡನೇ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಇತ್ತು: ಆ ಜಾತಿಯ ನೋವಿನ ಮಾತ್ರೆ ತಗೋಬಾರದು. ಅದರ ಕೆಳಗೆ: ಪದೇ ಪದೇ ವಾಂತಿಯಾದರೆ ತಕ್ಷಣ ಬನ್ನಿ. ಮನೆಯಲ್ಲಿ ಇಂಗ್ಲಿಷ್ ಸರಾಗವಾಗಿ ಓದೋರು ನಾವಿಬ್ಬರೇ. ಆ ಫೈಲಿನಿಂದ ಅಮ್ಮನಿಗೆ ಊಟದ ಪಟ್ಟಿಯನ್ನು ಮಾತ್ರ ಓದಿ ಹೇಳಿ, ಉಳಿದಿದ್ದನ್ನು ಬೀರುವಿನಲ್ಲಿ ಇಟ್ಟಿದ್ವಿ. ಒಂಬತ್ತನೇ ತಿಂಗಳ ಚೆಕಪ್ಪು ಮದುವೆ ಆರ್ಡರ್ ಅಂತ ಮುಂದೆ ಹೋಗಿತ್ತು, ವರ್ಷದ ಚೆಕಪ್ಪು ನಮ್ಮ ಪರೀಕ್ಷೆ ಅಂತ. ಬೈಪಾಸಿನ ಲೆಕ್ಕವೆಲ್ಲ ಅಪ್ಪನಿಗೆ ವಿವರಿಸಿದ ನಾವು, ಅಮ್ಮ ಓದಬೇಕಾಗಿದ್ದ ಎರಡು ಸಾಲನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿರಲಿಲ್ಲ.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ್ವಿ. ಎರಡೆರಡು ಕಾಣೋದು ಇಂಜೆಕ್ಷನ್ ಶುರುವಾದ ಎರಡು ದಿನದಲ್ಲಿ ಹೋಯಿತು. ಕಾಲಿನ ಜೋಮು ತಿಂಗಳುಗಟ್ಟಲೆ ಹಿಡಿಯಿತು. ಕಿರಿದಾದ ದಾರಿಯನ್ನು ಎಂಡೋಸ್ಕೋಪಿಯಲ್ಲೇ ಬಲೂನ್ ಊದಿ ಎರಡು ಕಂತಿನಲ್ಲಿ ಹಿಗ್ಗಿಸಿದರು. ಹುಣ್ಣಿಗೆ ಔಷಧಿ ಕೊಟ್ಟರು. ಊಟವನ್ನೂ ಒಮ್ಮೆಲೇ ಕೊಡುವ ಹಾಗಿರಲಿಲ್ಲ. ತುಂಬಾ ದಿನ ಉಪವಾಸ ಇದ್ದ ದೇಹಕ್ಕೆ ದಿಢೀರ್ ಅಂತ ಊಟ ಸುರಿದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ತೊಂದರೆಯಾಗಬಹುದಂತೆ. ದಿನಾ ರಕ್ತ ಪರೀಕ್ಷೆ ಮಾಡಿ, ಚಮಚ ಚಮಚ ಲೆಕ್ಕ ಹಾಕಿ ಏರಿಸಿದರು.

ಒಂದು ರಾತ್ರಿ ವಾರ್ಡಿನಲ್ಲಿ ಕೇಳಿಯೇಬಿಟ್ಟ್ವಿ. "ಯಾಕಮ್ಮ ಹೇಳಲಿಲ್ಲ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಏನಂತ ಹೇಳ್ಲಿ? ಅಷ್ಟು ದುಡ್ಡು ಹಾಕಿ ಮಾಡ್ಸಿದ್ದು. ನಿಮ್ಮಪ್ಪ ಇನ್ನೂ ಸಾಲ ತೀರಿಸ್ತಿದಾರೆ. ಸರಿ ಹೋಗ್ತಿಲ್ಲ ಅಂತ ಹೆಂಗೆ ಹೇಳೋದು?" ಅಂದಳು. ಆಮೇಲೆ, "ಹುಟ್ಟಿದಾಗಿನಿಂದ ಯಾರೂ ನನ್ನ ಮೈ ನೋಡಿ ಚೆನ್ನಾಗಿದೆ ಅಂದಿರಲಿಲ್ಲ ಮಗಾ. ವಾರಾ ವಾರಾ ನೀವಿಬ್ರೂ ಫೋನ್ ಮಾಡಿ, ಸೂಪರ್ ಅಮ್ಮಾ ಅಂತಿದ್ರಿ. ಒಂದು ವಾರ ಇಳೀದಿದ್ರೆ ನಿಮ್ಮ ದನಿ ಸಪ್ಪಗಾಗೋದು. ನನಗೇ ಬೇಜಾರಾಗೋದು" ಅಂದಳು.

ಸ್ಕೂಲ್ ಡೇ ದಿನದ ಮಾತು ಅವಳು ಎತ್ತಲಿಲ್ಲ. ನಮಗೆ ಮಾತ್ರ ನೆನಪಾಯಿತು.

ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಫೀಡ್‌ಬ್ಯಾಕ್ ಅಂತ ಪುಟಗಟ್ಟಲೆ ಬರೆದಿದ್ದೀವಿ. ಸೆನ್ಸರ್ ತಪ್ಪು ವಸ್ತುವನ್ನು ಅಳೆಯುತ್ತಿದ್ದರೆ ಮಿಕ್ಕ ಸರ್ಕ್ಯೂಟ್ ಎಷ್ಟು ಚೆನ್ನಾಗಿದ್ದೂ ಪ್ರಯೋಜನ ಇಲ್ಲ. ನಾವು ಅಳೆದಿದ್ದು ಕೆಜಿ. ಅಳೆಯಬೇಕಿದ್ದದ್ದು ಅಮ್ಮ ತಿಂದ ಊಟ, ಅದು ಹೊಟ್ಟೆಯಲ್ಲಿ ನಿಂತಿತಾ ಅನ್ನೋದು. ಅದಕ್ಕೆ ಯಂತ್ರ ಬೇಕಿರಲಿಲ್ಲ. ಅಜ್ಜಿಗೆ ಬರಿಗಣ್ಣಿಗೇ ಕಂಡಿತ್ತು.

ಡಿಸ್ಚಾರ್ಜ್ ಆಗೋ ಹಿಂದಿನ ದಿನ ಆ ಮೂರು ಪುಟಗಳನ್ನು ಕೂತು ಕನ್ನಡಕ್ಕೆ ತಂದ್ವಿ. ಪುಸ್ತಕದ ಕನ್ನಡ ಅಲ್ಲ, ಅಮ್ಮನ ಕನ್ನಡ. 'ಮೈ ಕೈ ನೋವಿಗೆ ಡೋಲೋ, ಪ್ಯಾರಾಸಿಟಮಾಲ್ ಸರಿ, ಬೇರೆ ಯಾವ ನೋವಿನ ಮಾತ್ರೆಯೂ ಡಾಕ್ಟರ್ ಕೇಳದೆ ಬೇಡ.' 'ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆ ಅಂತರ ಇರಲಿ.' 'ಬಿ12, ಬಿ1, ಡಿ ವಿಟಮಿನ್ ಜೀವನಪೂರ್ತಿ. ಹುಷಾರಾದೆ ಅಂತ ಬಿಡಬಾರದು.' 'ದಿನಕ್ಕೆ 60 ಗ್ರಾಂ ಪ್ರೋಟೀನ್. ಮೊದಲು ಮೊಟ್ಟೆ, ಬೇಳೆ, ಮೊಸರು. ಆಮೇಲೆ ಮುದ್ದೆ, ಅನ್ನ.' 'ಊಟದ ಜೊತೆ ನೀರು ಕುಡಿಯಬೇಡ.' 'ಒಂದೆರಡು ದಿನ ತಿಂದಿದ್ದು ನಿಲ್ಲದಿದ್ದರೆ ಫೋನ್ ಮಾಡು. ಯಾರಿಗೂ ತೊಂದರೆ ಅಂದ್ಕೋಬೇಡ.' ಕೊನೆಯ ವಾಕ್ಯ ಫೈಲಿನಲ್ಲಿ ಇರಲಿಲ್ಲ, ನಾವು ಸೇರಿಸಿದ್ದು. ಹಾಳೆ ನೋಡಿದ ಡಯಟೀಷಿಯನ್ ತಮಗೂ ಒಂದು ಕಾಪಿ ಬೇಕು ಅಂತ ಇಟ್ಟುಕೊಂಡರು. ನಮ್ಮ ಕಾಪಿ ಈಗ ಮೆಷಿನ್ ಮುಂದಿನ ಗೋಡೆಯ ಮೇಲಿದೆ, ಬ್ಲೌಸ್ ಡಿಸೈನ್‌ಗಳ ಪಕ್ಕದಲ್ಲಿ.

ನಿಮ್ಮ ಮನೆಯಲ್ಲೂ ಯಾರದಾದರೂ ಇಂಥ ಫೈಲ್ ಬೀರುವಿನಲ್ಲಿ ಇರಬಹುದು. ಬೈಪಾಸ್ ಅಂತಲೇ ಅಲ್ಲ, ಸ್ಟೆಂಟ್ ಇರಬಹುದು, ಡಯಾಲಿಸಿಸ್ ಇರಬಹುದು. ಮುಂದಿನ ಸಲ ಊರಿಗೆ ಹೋದಾಗ ಎರಡನೇ ಪುಟವನ್ನೂ ಓದಿ. ಮನೆಯ ಮಾತಿನಲ್ಲಿ ಬರೆದು ಗೋಡೆಗೆ ಅಂಟಿಸಿ. ಒಂದು ಸಂಜೆಯ ಕೆಲಸ.

ಅಮ್ಮ ಈಗ 59 ಕೆಜಿ ಇದ್ದಾಳಂತೆ. ಅಂತೆ, ಯಾಕಂದ್ರೆ ತೂಕ ನೋಡೋದು ಈಗ ಚೆಕಪ್‌ನಲ್ಲಿ ಮಾತ್ರ. ಭಾನುವಾರ ಫೋನ್ ಮಾಡಿದಾಗ ನಾವು ಏನು ತಿಂದೆ ಅಂತ ಕೇಳುತ್ತೀವಿ, ಅವಳು ಬೇಸತ್ತು, "ಎರಡು ಮೊಟ್ಟೆ ತಿಂದೆ ಕಣ್ರಪ್ಪಾ, ಸಾಕಾ?" ಅನ್ನುತ್ತಾಳೆ. ಅಪ್ಪ ಕೊಬ್ಬರಿ ಜೋಕು ಬಿಟ್ಟಿದ್ದಾರೆ.

ಆ ಹದಿನೈದು ತಿಂಗಳೂ ಅಮ್ಮ ತನ್ನ ಬ್ಲೌಸುಗಳನ್ನು ತಾನೇ ಒಳಗೆ ಹಿಡಿದು ಹೊಲಿದುಕೊಳ್ಳುತ್ತಿದ್ದಳು. ಒಂದು ಹೊಲಿಗೆ, ಅದರ ಒಳಗೆ ಇನ್ನೊಂದು, ಅದರ ಒಳಗೆ ಮತ್ತೊಂದು. ಬಟ್ಟೆ ಮಾತ್ರ ಕತ್ತರಿಸಿರಲಿಲ್ಲ. ಹೋದ ತಿಂಗಳು ನಾವು ಊರಿಗೆ ಹೋದಾಗ ಒಂದು ಹಸಿರು ಬ್ಲೌಸ್ ತಿರುವಿ ಹಾಕಿಕೊಂಡು ಬ್ಲೇಡಿನಲ್ಲಿ ಒಳಗಿನ ಹೊಲಿಗೆ ಬಿಚ್ಚುತ್ತಾ ಕೂತಿದ್ದಳು.

"ಬಿಗಿಯಾಯ್ತಾ?" ಅಂದ್ವಿ.

"ಹೂಂ. ತೋಳಿಗೆ ಹತ್ತಲ್ಲ" ಅಂದಳು. ಆಮೇಲೆ ಸೂಜಿ ತಗೊಂಡು, ಒಂದೇ ಸಲಕ್ಕೆ ದಾರ ಪೋಣಿಸಿದಳು.